ಮಕ್ಕಳು ಬೆಳೆದಂತೆ ಹಾಸ್ಯ ಸರಣಿಯ ನಗು ಎಲ್ಲಿಗೆ ಸರಿಯುತ್ತದೆ?

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗಳ ಜೊತೆ ‘ಬಾಯ್ ಮೀಟ್ಸ್ ವರ್ಲ್ಡ್’ ಎಂಬ ಅಮೆರಿಕದ ಹಳೆಯ ಹಾಸ್ಯ ಸರಣಿಯನ್ನು ನೋಡುತ್ತಿದ್ದೇನೆ. ಮೊದಲ ಸೀಸನ್‌ನಲ್ಲಿ ಶಾಲೆ, ಹೋಮ್‌ವರ್ಕ್, ಪಕ್ಕದ ಮನೆಯ ಮೇಷ್ಟ್ರು ಎಂದು ತಿಳಿಯಾದ ನಗೆಯಿತ್ತು. ಐದನೆಯ ಸೀಸನ್‌ಗೆ ಬರುವಷ್ಟರಲ್ಲಿ ಅದೇ ಹುಡುಗರು, ಅದೇ ಮನೆ ಇದ್ದರೂ ಬೇರೆಯೇ ಕಾರ್ಯಕ್ರಮವನ್ನು ನೋಡುತ್ತಿದ್ದೇವೆ ಅನ್ನಿಸುತ್ತಿದೆ. ಹುಡುಗರು ದೊಡ್ಡವರಾಗುವ ಕಥೆಯಿರುವ ಸರಣಿಗಳೆಲ್ಲ ಹೀಗೆಯೇ ಬದಲಾಗುತ್ತವೆಯೇ? ಇದು ಬರೆದವರ ಎಡವಟ್ಟೋ, ಇಲ್ಲ ಅನಿವಾರ್ಯವೋ? ಮಗಳ ಜೊತೆ ಕೊನೆಯವರೆಗೂ ನೋಡಬಹುದೇ?

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ, ಐದನೆಯ ಸೀಸನ್ನಿನ ಹೊತ್ತಿಗೆ ಅದು ನಿಜಕ್ಕೂ ಬೇರೆಯ ಕಾರ್ಯಕ್ರಮ. ಬದಲಾಗದೆ ಉಳಿಯುವುದು ಅದಕ್ಕೆ ಸಾಧ್ಯವಿರಲಿಲ್ಲ. ಹೇಗೆ ಬದಲಾಗಬೇಕು ಎಂಬುದು ಮಾತ್ರ ಬರೆಯುವವರ ಕೈಯಲ್ಲಿತ್ತು. ಇಂಥ ಸರಣಿಗಳಲ್ಲಿ ಕೆಲವು ಚೆನ್ನಾಗಿ ಬೆಳೆದು, ಕೆಲವು ಮುಗ್ಗರಿಸಿದ್ದಕ್ಕೆ ಕಾರಣವನ್ನು ನಾವು ಸಾಮಾನ್ಯವಾಗಿ ಹುಡುಗ ಹುಡುಗಿಯರ ಪಾತ್ರಗಳಲ್ಲಿ ಹುಡುಕುತ್ತೇವೆ. ನಾನು ಅದನ್ನು ಅವರ ಸುತ್ತಲಿನ ಹಿರಿಯರಲ್ಲಿ ಹುಡುಕಬೇಕೆಂದು ಹೇಳುತ್ತೇನೆ.

ಮಕ್ಕಳನ್ನು ಕೇಂದ್ರದಲ್ಲಿಟ್ಟುಕೊಂಡ ಹಾಸ್ಯದಲ್ಲಿ ನಗು ಹುಟ್ಟುವುದು ಮಗುವಿಗೆ ಗೊತ್ತಿರುವುದಕ್ಕೂ ದೊಡ್ಡವರಿಗೆ ಗೊತ್ತಿರುವುದಕ್ಕೂ ನಡುವಿನ ಅಂತರದಲ್ಲಿ. ಪರೀಕ್ಷೆಯೊಂದರಲ್ಲಿ ಅಂಕ ಕಡಿಮೆ ಬಂದರೆ ಬದುಕೇ ಮುಗಿದುಹೋಯಿತೆಂದು ಹನ್ನೊಂದರ ಹುಡುಗ ಮನಸಾರೆ ನಂಬುತ್ತಾನೆ. ಹಾಗೇನೂ ಆಗುವುದಿಲ್ಲವೆಂದು ಅವನ ಅಪ್ಪನಿಗೂ, ಮೇಷ್ಟ್ರಿಗೂ, ನೋಡುತ್ತಿರುವ ನಮಗೂ ಗೊತ್ತು. ನಮ್ಮ ನಗುವಿನಲ್ಲಿ ತಿರಸ್ಕಾರವಿಲ್ಲದಿರುವುದಕ್ಕೆ ಕಾರಣ, ಅರ್ಧ ಗಂಟೆ ಮುಗಿಯುವುದರೊಳಗೆ ದೊಡ್ಡವರು ಯಾರಾದರೂ ಅವನನ್ನು ಕೂರಿಸಿಕೊಂಡು ಸಮಾಧಾನ ಹೇಳುತ್ತಾರೆಂಬ ಭರವಸೆ. ವಯಸ್ಸು ಏರಿದಂತೆ ಈ ಅಂತರ ಕಿರಿದಾಗುತ್ತದೆ. ಹದಿನೇಳರ ಹುಡುಗನಿಗೆ ಪ್ರೀತಿಯಲ್ಲಿ ಆಗುವ ನೋವು ನಲವತ್ತರವರ ನೋವಿಗಿಂತ ಸಣ್ಣದೆಂದು ಯಾರೂ ಹೇಳಲಾರರು. ಅಪ್ಪನಿಗೂ ಉತ್ತರ ಗೊತ್ತಿಲ್ಲ ಎಂಬುದು ಆ ವಯಸ್ಸಿನವರಿಗೆ ತಿಳಿದಿರುತ್ತದೆ. ಹಳೆಯ ನಗುವಿನ ಬುಗ್ಗೆ ಬತ್ತುವುದು ಅಲ್ಲಿ. ಸರಣಿ ಹೊಸದೊಂದನ್ನು ಹುಡುಕಿಕೊಳ್ಳಲೇಬೇಕಾಗುತ್ತದೆ.

ನೀವು ನೋಡುತ್ತಿರುವ ಸರಣಿಯನ್ನೇ ತೆಗೆದುಕೊಳ್ಳೋಣ. ‘ಬಾಯ್ ಮೀಟ್ಸ್ ವರ್ಲ್ಡ್’ 1993ರ ಸೆಪ್ಟೆಂಬರ್‌ನಿಂದ 2000ದ ಮೇ ತಿಂಗಳವರೆಗೆ ಎಬಿಸಿ ವಾಹಿನಿಯಲ್ಲಿ ಏಳು ಸೀಸನ್‌ಗಳಲ್ಲಿ, ಒಟ್ಟು 158 ಸಂಚಿಕೆಗಳಾಗಿ ಪ್ರಸಾರವಾಯಿತು. ಕಥೆ ನಡೆಯುವುದು ಫಿಲಡೆಲ್ಫಿಯಾದಲ್ಲಿ. ಕೋರಿ ಮ್ಯಾಥ್ಯೂಸ್ ಆರನೆಯ ತರಗತಿಯ ಹುಡುಗ. ಶಾನ್ ಹಂಟರ್ ಅವನ ಆಪ್ತ ಗೆಳೆಯ. ತರಗತಿಯಲ್ಲಿ ಪಾಠ ಮಾಡುವ ಫೀನಿ ಮೇಷ್ಟ್ರೇ ಪಕ್ಕದ ಮನೆಯವರು. ಮೊದಲ ಸೀಸನ್ನಿನ ರಚನೆ ಎಷ್ಟು ಅಚ್ಚುಕಟ್ಟು ಎಂಬುದನ್ನು ನೀವು ಗಮನಿಸಿರುತ್ತೀರಿ. ಮೇಷ್ಟ್ರು ತರಗತಿಯಲ್ಲಿ ಏನೋ ಒಂದು ಪಾಠ ಎತ್ತಿಕೊಳ್ಳುತ್ತಾರೆ, ಕೋರಿಗೆ ಅದು ತನಗೆ ಬೇಡದ ವಿಷಯ ಅನ್ನಿಸುತ್ತದೆ, ಮನೆಯಲ್ಲೋ ಗೆಳೆಯರ ನಡುವೆಯೋ ಅದೇ ವಿಷಯ ಬೇರೆ ರೂಪದಲ್ಲಿ ಎದುರಾಗುತ್ತದೆ, ಕೊನೆಗೆ ಹಿತ್ತಲ ಬೇಲಿಯ ಆಚೆ ಈಚೆ ನಿಂತು ಮೇಷ್ಟ್ರೂ ಹುಡುಗನೂ ಎರಡು ಮಾತನಾಡುತ್ತಾರೆ. ವಿಲಿಯಂ ಡೇನಿಯಲ್ಸ್ ಆ ಪಾತ್ರವನ್ನು ಒಂದಿಷ್ಟೂ ಸಡಿಲಗೊಳಿಸದೆ, ಮಗುವಿನ ಮುಂದೆ ಮುದ್ದುಗರೆಯದೆ ನಿರ್ವಹಿಸಿದ್ದರಿಂದಲೇ ಈ ರಚನೆ ನೀತಿಪಾಠದಂತೆ ಕಾಣುವುದಿಲ್ಲ. ಆದರೆ ಗೊತ್ತಿಲ್ಲದ ಹುಡುಗನೊಬ್ಬ, ಗೊತ್ತಿರುವ ಹಿರಿಯನೊಬ್ಬ ಇದ್ದಾಗ ಮಾತ್ರ ಇದು ನಡೆಯುತ್ತದೆ.

ಹಾಗಾದರೆ ಹುಡುಗರು ಬೆಳೆಯುವ ಮೊದಲೇ ಸರಣಿಯನ್ನು ಮುಗಿಸಬಹುದಿತ್ತಲ್ಲ ಎಂಬ ಪ್ರಶ್ನೆ ಏಳುತ್ತದೆ. ಆ ಕಾಲದ ವ್ಯಾಪಾರದ ಲೆಕ್ಕ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಅಮೆರಿಕದ ಟಿವಿಯಲ್ಲಿ ಹಾಸ್ಯ ಸರಣಿಯೊಂದರ ನಿಜವಾದ ಗಳಿಕೆ ಬರುತ್ತಿದ್ದದ್ದು ಸ್ಥಳೀಯ ವಾಹಿನಿಗಳಿಗೆ ಮರುಪ್ರಸಾರದ ಹಕ್ಕನ್ನು ಮಾರಿದಾಗ. ವಾರದ ಐದೂ ದಿನ ಹಾಕುವಷ್ಟು ಸರಕು ಇರಬೇಕಾದರೆ ಸುಮಾರು 100 ಸಂಚಿಕೆಗಳಾದರೂ ಬೇಕೆಂಬುದು ರೂಢಿಯಾಗಿತ್ತು. ವರ್ಷಕ್ಕೆ ಸುಮಾರು 22 ಸಂಚಿಕೆಗಳೆಂದರೆ ಐದು ವರ್ಷ. ಹನ್ನೆರಡರ ಹುಡುಗನಿಂದ ಆರಂಭವಾದ ಸರಣಿ ಲಾಭ ಕಾಣಬೇಕಾದರೆ ಅವನಿಗೆ ಹದಿನಾರು ಹದಿನೇಳು ಆಗುವವರೆಗೂ ನಡೆಯಲೇಬೇಕು. ದನಿ ಒಡೆಯುವುದು, ಎತ್ತರವಾಗುವುದು, ಮೊಡವೆ ಏಳುವುದು ಎಲ್ಲವೂ ಕ್ಯಾಮೆರಾದ ಎದುರೇ ಆಗುತ್ತದೆ. ಬರಹಗಾರರು ಬೇಡವೆಂದರೂ ನಟನ ಶರೀರ ಕಥೆಯನ್ನು ಮುಂದಕ್ಕೆ ಎಳೆಯುತ್ತದೆ.

ಕಾನೂನಿನ ಪಾತ್ರವೂ ಇದೆ. ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ 9ರಿಂದ 15 ವರ್ಷದ ನಟರು ಶಾಲೆಯ ದಿನಗಳಲ್ಲಿ 5 ಗಂಟೆ ಮಾತ್ರ ಕೆಲಸ ಮಾಡಬಹುದು. ಜೊತೆಗೆ ಸೆಟ್‌ನಲ್ಲೇ 3 ಗಂಟೆ ಪಾಠ ಆಗಲೇಬೇಕು. ಆದ್ದರಿಂದ ಆರಂಭದ ವರ್ಷಗಳಲ್ಲಿ ಪ್ರತಿ ಸಂಚಿಕೆಯಲ್ಲೂ ಅಪ್ಪ ಅಮ್ಮನಿಗೋ, ಅಣ್ಣನಿಗೋ ಒಂದು ಉಪಕಥೆ ಇರುವುದು ಚಿತ್ರೀಕರಣದ ಅನುಕೂಲವೂ ಹೌದು. ಹದಿನೆಂಟು ತುಂಬಿದ ಮೇಲೆ ಈ ಕಟ್ಟುಪಾಡು ಉಳಿಯುವುದಿಲ್ಲ. ಯುವ ನಟರು ಇಡೀ ದಿನ ಸಿಗುತ್ತಾರೆ, ಇಡೀ ಸಂಚಿಕೆಯನ್ನು ತುಂಬುತ್ತಾರೆ, ಹಿರಿಯರು ಮೂಲೆಗೆ ಸರಿಯುತ್ತಾರೆ. ನಿಯಮವೊಂದೇ ಇದಕ್ಕೆ ಕಾರಣವಲ್ಲದಿದ್ದರೂ, ಹಿರಿಯರು ಮೂಲೆಗೆ ಸರಿದದ್ದೇ ಹಲವು ಸರಣಿಗಳ ಕೊನೆಯ ಸೀಸನ್‌ಗಳನ್ನು ಬಡವಾಗಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಬಾಯ್ ಮೀಟ್ಸ್ ವರ್ಲ್ಡ್’ನಲ್ಲಿ ಕಾಲದ ಲೆಕ್ಕವೂ ಸರಿಹೊಂದುವುದಿಲ್ಲ. 1993ರಲ್ಲಿ ಆರನೆಯ ತರಗತಿಯಲ್ಲಿದ್ದವನು ಹೈಸ್ಕೂಲು ಮುಗಿಸಬೇಕಾದದ್ದು 2000ದಲ್ಲಿ. ಆದರೆ ಕೋರಿ 1998ರಲ್ಲೇ, ಐದನೆಯ ಸೀಸನ್ನಿನ ಕೊನೆಗೆ ಪದವಿ ಪತ್ರ ಹಿಡಿದು ನಿಲ್ಲುತ್ತಾನೆ. ಕೋರಿಯ ಪಾತ್ರ ಮಾಡಿದ ಬೆನ್ ಸ್ಯಾವೇಜ್ ಹುಟ್ಟಿದ್ದು 1980ರ ಸೆಪ್ಟೆಂಬರ್‌ನಲ್ಲಿ. ಸರಣಿ ಆರಂಭವಾದಾಗ ಅವನಿಗೆ ಹದಿಮೂರು ತುಂಬಿತ್ತು, ಪಾತ್ರಕ್ಕೆ ಹನ್ನೊಂದು. ಎರಡು ವರ್ಷ ಚಿಕ್ಕವನಂತೆ ನಟಿಸುವುದು ಹದಿಮೂರರಲ್ಲಿ ಸಾಧ್ಯ, ಹದಿನೇಳರಲ್ಲಿ ಕಷ್ಟ. ಹೀಗಾಗಿ ಎರಡು ತರಗತಿಗಳನ್ನು ಸದ್ದಿಲ್ಲದೆ ದಾಟಿಸಿ, ಪಾತ್ರದ ವಯಸ್ಸು ನಟನ ವಯಸ್ಸನ್ನು ಮುಟ್ಟುವಂತೆ ಮಾಡಲಾಯಿತು. ನಿಮ್ಮ ಮಗಳಿಗೆ ಹುಡುಗರು ಇದ್ದಕ್ಕಿದ್ದಂತೆ ದೊಡ್ಡವರಾದರೆಂದು ಅನ್ನಿಸಿದ್ದರೆ ಅವಳ ಲೆಕ್ಕ ಸರಿಯಾಗಿದೆ.

ಪಾತ್ರಗಳು ಬೆಳೆದ ಬಗೆಯಲ್ಲಿ ಏರುಪೇರು ಬಹಳ. ಮೊದಲಿಗೆ ತರಗತಿಯ ವಿಚಿತ್ರ ಹುಡುಗಿಯಾಗಿ ಆಗಾಗ ಬಂದುಹೋಗುತ್ತಿದ್ದ ಟೊಪಾಂಗಾ ಸರಣಿಯ ಕೇಂದ್ರಕ್ಕೆ ಬರುತ್ತಾಳೆ. ಆ ಹಾದಿಯಲ್ಲಿ ಅವಳ ಮೊದಲಿನ ವಿಲಕ್ಷಣತೆ, ತನ್ನದೇ ಲೋಕದಲ್ಲಿ ನಿರ್ಭಯವಾಗಿ ಇರುತ್ತಿದ್ದ ಗುಣ ಸವೆದುಹೋಗುತ್ತದೆ. ಇದನ್ನು ನಾನು ನಷ್ಟವೆಂದೇ ಎಣಿಸುತ್ತೇನೆ. ಅಣ್ಣ ಎರಿಕ್ ಆರಂಭದಲ್ಲಿ ಹುಡುಗಿಯರ ಹಿಂದೆ ಸುತ್ತುವ ಸಾಮಾನ್ಯ ಹದಿಹರೆಯದವನು. ಕೊನೆಯ ವರ್ಷಗಳಲ್ಲಿ ಅವನನ್ನು ಲೋಕಜ್ಞಾನವೇ ಇಲ್ಲದ ಪೆದ್ದನನ್ನಾಗಿ ಮಾಡಲಾಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೋರಿಯಲ್ಲಿ ಮುಗಿದುಹೋದ ಅಜ್ಞಾನ ಇನ್ನೊಬ್ಬರಲ್ಲಿ ಇರಬೇಕಿತ್ತು. ಮಗುವಿನ ಸ್ಥಾನ ತುಂಬಲು ಇಪ್ಪತ್ತು ದಾಟಿದ ಅಣ್ಣನನ್ನು ಮಗುವಾಗಿಸಿದರು. ಮೊದಲ ಸೀಸನ್ನಿನ ಜಾಣ ಸಹಪಾಠಿ ಮಿಂಕಸ್ ಎರಡನೆಯ ಸೀಸನ್‌ಗೆ ಕಾಣೆಯಾಗಿ ಹೈಸ್ಕೂಲಿನ ಪದವಿ ಸಮಾರಂಭದಲ್ಲಿ ಒಮ್ಮೆ ಮುಖ ತೋರಿಸಿದ. ಶಾನ್‌ನನ್ನು ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದ ಟರ್ನರ್ ಎಂಬ ಯುವ ಶಿಕ್ಷಕನಂತೂ ನಾಲ್ಕನೆಯ ಸೀಸನ್ನಿನಲ್ಲಿ ಬೈಕ್ ಅಪಘಾತವಾಗಿ ಆಸ್ಪತ್ರೆ ಸೇರಿದ ನಂತರ ಮತ್ತೆ ಕಾಣಿಸಿಕೊಳ್ಳಲೇ ಇಲ್ಲ. ಶಾನ್‌ನಂಥ ಹುಡುಗನ ಬದುಕಿನಿಂದ ಅಂಥ ಹಿರಿಯನೊಬ್ಬ ಮಾಯವಾದದ್ದರ ನೋವನ್ನು ಸರಣಿ ಮುಟ್ಟಲೇ ಇಲ್ಲ ಎಂಬುದು ನನಗೆ ಇಂದಿಗೂ ಒಪ್ಪಿಗೆಯಾಗದ ವಿಷಯ.

ಇಷ್ಟಿದ್ದರೂ ಸರಣಿಯನ್ನು ಕೊನೆಯವರೆಗೆ ಕಾಪಾಡಿದ್ದು ಅದೇ ಶಾನ್. ಟ್ರೇಲರ್ ಮನೆಗಳ ಬಡಾವಣೆಯಲ್ಲಿ ಬೆಳೆದ, ತಾಯಿ ಬಿಟ್ಟುಹೋದ, ತಂದೆ ಯಾವಾಗ ಬರುತ್ತಾನೋ ಯಾವಾಗ ಹೋಗುತ್ತಾನೋ ತಿಳಿಯದ ಹುಡುಗ ಅವನು. ಮೊದಲ ಸೀಸನ್ನಿನಲ್ಲಿ ಈ ಹಿನ್ನೆಲೆ ನಗೆಮಾತಿಗೆ ಒದಗುವ ವಿವರವಷ್ಟೇ ಆಗಿತ್ತು. ಹುಡುಗ ಬೆಳೆದಂತೆ ಅದೇ ವಿವರ ಅವನ ಬದುಕಿನ ನಿಜವಾದ ಪ್ರಶ್ನೆಯಾಯಿತು, ಆರನೆಯ ಸೀಸನ್ನಿನಲ್ಲಿ ತಂದೆ ಚೆಟ್ ಸಾಯುವ ಸಂಚಿಕೆಯಲ್ಲಿ ಅದು ತನ್ನ ಪೂರ್ಣ ಭಾರವನ್ನು ಪಡೆಯಿತು. ಚೆಟ್ ಆರು ವರ್ಷವೂ ಒಂದೇ ಬಗೆಯ ಬೇಜವಾಬ್ದಾರಿ ಮನುಷ್ಯನಾಗಿ ಉಳಿಯದೆ, ಮಗನ ಕಣ್ಣಿನಲ್ಲಿ ಬೇರೆ ಬೇರೆಯಾಗಿ ಕಂಡದ್ದರಿಂದಲೇ ಅದು ಸಾಧ್ಯವಾಯಿತು. ಹಿರಿಯರಲ್ಲಿ ಹುಡುಕಬೇಕೆಂದು ಮೊದಲಿಗೆ ಹೇಳಿದ್ದು ಇದನ್ನೇ.

ಇದೇ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಬೆನ್ ಸ್ಯಾವೇಜ್‌ನ ಅಣ್ಣ ಫ್ರೆಡ್ ಸ್ಯಾವೇಜ್ ನಟಿಸಿದ ‘ದಿ ವಂಡರ್ ಇಯರ್ಸ್’ ಕಡೆಗೆ ತಿರುಗಬೇಕು. ಒಂದೇ ಮನೆಯ ಇಬ್ಬರು ಹುಡುಗರು ಒಂದೇ ವಾಹಿನಿಯ ಎರಡು ಸರಣಿಗಳಲ್ಲಿ, ಒಬ್ಬರ ಬೆನ್ನಿಗೆ ಒಬ್ಬರು, ದೇಶದ ಕಣ್ಣೆದುರು ಬೆಳೆದರು. 1988ರ ಜನವರಿಯಿಂದ 1993ರ ಮೇವರೆಗೆ 115 ಸಂಚಿಕೆಗಳಾಗಿ ಬಂದ ಈ ಸರಣಿಯಲ್ಲಿ ಸ್ಟುಡಿಯೊದ ಪ್ರೇಕ್ಷಕರಿಲ್ಲ, ಹಿನ್ನೆಲೆಯಲ್ಲಿ ನಗುವಿನ ಸದ್ದಿಲ್ಲ. ಕಥೆಯ ಕಾಲ ಪ್ರಸಾರಕ್ಕಿಂತ ಸರಿಯಾಗಿ ಇಪ್ಪತ್ತು ವರ್ಷ ಹಿಂದಿನದು: 1968ರಲ್ಲಿ ಆರಂಭವಾಗಿ 1973ರಲ್ಲಿ ಮುಗಿಯುತ್ತದೆ. ಕೆವಿನ್ ಆರ್ನಾಲ್ಡ್ ಎಂಬ ಹುಡುಗನ ಆ ವರ್ಷಗಳನ್ನು ದೊಡ್ಡವನಾದ ಕೆವಿನ್, ಡೇನಿಯಲ್ ಸ್ಟರ್ನ್ ಅವರ ದನಿಯಲ್ಲಿ, ನೆನಪಿಸಿಕೊಳ್ಳುತ್ತಾನೆ. ಮೊದಲ ಸಂಚಿಕೆಯಲ್ಲೇ ಎದುರುಮನೆಯ ವಿನ್ನಿಯ ಅಣ್ಣ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ.

ನಿರೂಪಕನ ಆ ದನಿಯಲ್ಲಿ ಇಡೀ ಸರಣಿಯ ಜೀವ ಅಡಗಿದೆ. ಗೊತ್ತಿಲ್ಲದ ಹುಡುಗ, ಗೊತ್ತಿರುವ ಹಿರಿಯ ಇಬ್ಬರೂ ಇಲ್ಲಿ ಒಬ್ಬನೇ. ಹನ್ನೆರಡರ ಕೆವಿನ್ ಹುಡುಗಿಯೊಬ್ಬಳಿಗೆ ಫೋನು ಮಾಡಲು ಹೆದರಿ ನಿಂತಾಗ, ಮೂವತ್ತು ದಾಟಿದ ಅವನೇ ಆ ಹೆದರಿಕೆಯನ್ನು ಪ್ರೀತಿಯಿಂದ ವಿವರಿಸುತ್ತಾನೆ. ನಗು ಆ ಇಬ್ಬರ ನಡುವಿನ ದೂರದಲ್ಲಿದೆ. ಆದರೆ ಹುಡುಗ ಹದಿನಾರಕ್ಕೆ ಬಂದಾಗ ನಿರೂಪಕನಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ, ಹುಡುಗನಿಗೇ ತನ್ನ ಬಗ್ಗೆ ಸಾಕಷ್ಟು ತಿಳಿದಿರುತ್ತದೆ. ಕೊನೆಯ ಸೀಸನ್ನಿನ ಅನೇಕ ಸಂಚಿಕೆಗಳು ಸಪ್ಪೆಯಾದದ್ದಕ್ಕೆ ಇದೇ ಕಾರಣ. ಸಂಜೆ ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿನ ಕಾರ್ಯಕ್ರಮದಲ್ಲಿ ಹದಿನಾರು ಹದಿನೇಳರ ಹುಡುಗನ ಮನಸ್ಸನ್ನು ಎಷ್ಟು ತೋರಿಸಬಹುದೆಂಬ ಬಗ್ಗೆ ನಿರ್ಮಾಪಕರಿಗೂ ವಾಹಿನಿಗೂ ನಡುವೆ ಎಳೆದಾಟವೂ ಇತ್ತು.

ಹೀಗೆ ನಗು ಕರಗುತ್ತಿದ್ದಾಗಲೂ ಸರಣಿ ತನ್ನ ತೂಕವನ್ನು ಉಳಿಸಿಕೊಂಡದ್ದು ತಂದೆ ತಾಯಿಯರಿಂದ. ಆರಂಭದಲ್ಲಿ ತಂದೆ ಜ್ಯಾಕ್ ಕೆಲಸದಿಂದ ಸಿಡುಕುತ್ತಾ ಬಂದು ಟಿವಿಯ ಮುಂದೆ ಕೂರುವ, ಮಕ್ಕಳು ಹೆದರಿ ದೂರ ಸರಿಯುವ ಮನುಷ್ಯ. ಅವನ ಆಫೀಸಿಗೆ ಕೆವಿನ್ ಒಂದು ದಿನ ಹೋಗಿ, ಮನೆಯಲ್ಲಿ ಗದರುವ ಅಪ್ಪ ಅಲ್ಲಿ ಮೇಲಧಿಕಾರಿಯಿಂದ ಗದರಿಸಿಕೊಳ್ಳುವುದನ್ನು ಕಂಡು ಬರುವ ಸಂಚಿಕೆ ನನ್ನ ಮಟ್ಟಿಗೆ ಈ ಪ್ರಕಾರದಲ್ಲೇ ಅತ್ಯುತ್ತಮವಾದವುಗಳಲ್ಲಿ ಒಂದು. ಆ ಒಂದು ದಿನದಲ್ಲಿ ಹುಡುಗ ಒಂದು ವರ್ಷದಷ್ಟು ಬೆಳೆಯುತ್ತಾನೆ, ಬದಲಾದದ್ದು ಅವನು ಅಪ್ಪನನ್ನು ನೋಡುವ ಬಗೆ ಮಾತ್ರ. ಮುಂದೆ ಜ್ಯಾಕ್ ಆ ಕೆಲಸವನ್ನು ಬಿಟ್ಟು ಪೀಠೋಪಕರಣದ ಉದ್ಯಮಕ್ಕೆ ಕೈ ಹಾಕುತ್ತಾನೆ. ತಾಯಿ ನಾರ್ಮಾ ಓದು ಮುಂದುವರಿಸಿ ಉದ್ಯೋಗ ಹಿಡಿಯುತ್ತಾಳೆ. ಅಕ್ಕ ಕ್ಯಾರೆನ್ ಮನೆಬಿಟ್ಟು ಮದುವೆಯಾಗುತ್ತಾಳೆ. ಮಕ್ಕಳು ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ಅಪ್ಪ ಅಮ್ಮನೂ ಬದುಕುತ್ತಿದ್ದರು ಎಂಬುದನ್ನು ಅಷ್ಟು ತಾಳ್ಮೆಯಿಂದ ತೋರಿಸಿದ ಹಾಸ್ಯ ಸರಣಿಗಳು ವಿರಳ. ಕೊನೆಯ ಸಂಚಿಕೆಯಲ್ಲಿ ನಿರೂಪಕ, ಎರಡು ವರ್ಷಗಳ ನಂತರ ತಂದೆ ತೀರಿಕೊಂಡದ್ದನ್ನೂ, ವಿನ್ನಿ ಪ್ಯಾರಿಸ್ಸಿಗೆ ಓದಲು ಹೋದದ್ದನ್ನೂ, ತಾನು ಬೇರೊಬ್ಬಳನ್ನು ಮದುವೆಯಾದದ್ದನ್ನೂ ಒಂದೆರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ. ಐದು ವರ್ಷ ಆ ಜೋಡಿಗಾಗಿ ಕಾದಿದ್ದ ಪ್ರೇಕ್ಷಕರಿಗೆ ಅದು ಕಹಿಯಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ನಿಮ್ಮ ಸರಣಿ ಆಯ್ದುಕೊಂಡದ್ದು ಇದಕ್ಕೆ ವಿರುದ್ಧವಾದ ದಾರಿ. ಟೊಪಾಂಗಾ ಯೇಲ್ ವಿಶ್ವವಿದ್ಯಾಲಯವನ್ನು ಬಿಟ್ಟು ಕೋರಿಯ ಜೊತೆ ಪೆನ್‌ಬ್ರೂಕ್ ಎಂಬ ಕಲ್ಪಿತ ಕಾಲೇಜಿಗೆ ಸೇರುತ್ತಾಳೆ, ಏಳನೆಯ ಸೀಸನ್ನಿನಲ್ಲಿ ಇಬ್ಬರ ಮದುವೆಯಾಗುತ್ತದೆ, ಫೀನಿ ಮೇಷ್ಟ್ರು ಶಾಲೆಯಿಂದ ಹೈಸ್ಕೂಲಿಗೂ, ಅಲ್ಲಿಂದ ಕಾಲೇಜಿಗೂ ಅವರ ಹಿಂದೆಯೇ ಬರುತ್ತಾರೆ. ಇದನ್ನು ನಂಬುವುದು ಕಷ್ಟ. ಆದರೆ ಬರೆದವರ ಇಕ್ಕಟ್ಟು ಅರ್ಥವಾಗುವಂಥದ್ದು. ಶಾಲೆ ಮುಗಿಯುವುದೆಂದರೆ ಹದಿಹರೆಯದ ಹಾಸ್ಯ ಸರಣಿಗೆ ಆಧಾರವೇ ಕುಸಿದಂತೆ. ಬೇರೆ ಬೇರೆ ಮನೆಗಳ, ಬೇರೆ ಬೇರೆ ಸ್ವಭಾವದ ಹುಡುಗರನ್ನು ದಿನವೂ ಒಂದೇ ಕೋಣೆಯಲ್ಲಿ ಕೂರಿಸುವುದು ಶಾಲೆ. ಗಂಟೆ, ಪರೀಕ್ಷೆ, ಶಿಕ್ಷೆ, ಪ್ರಗತಿ ಪತ್ರ ಎಂದು ಕಥೆಗೆ ಬೇಕಾದ ಕಟ್ಟುಪಾಡುಗಳನ್ನು ಒದಗಿಸುವುದೂ ಶಾಲೆ. ಕಾಲೇಜಿನಲ್ಲಿ ಯಾರೂ ಯಾರ ಜೊತೆಗೂ ಇರಬೇಕಾಗಿಲ್ಲ. ‘ಸೇವ್ಡ್ ಬೈ ದಿ ಬೆಲ್’ನ ಗೆಳೆಯರನ್ನು ಕಾಲೇಜಿಗೆ ಕಳಿಸಿ ಮಾಡಿದ ಮುಂದುವರಿಕೆ ಒಂದೇ ಸೀಸನ್‌ಗೆ ನಿಂತುಹೋಯಿತು. ಅದಕ್ಕೆ ಪ್ರತಿಯಾಗಿ ‘ದಿ ಕಾಸ್ಬಿ ಷೋ’ದ ಮಗಳೊಬ್ಬಳನ್ನು ಕಾಲೇಜಿಗೆ ಕಳಿಸಿ 1987ರಲ್ಲಿ ಆರಂಭಿಸಿದ ‘ಎ ಡಿಫರೆಂಟ್ ವರ್ಲ್ಡ್’, ಆ ಮಗಳ ಪಾತ್ರವೇ ಮೊದಲ ಸೀಸನ್ನಿನ ನಂತರ ಹೊರಟುಹೋದರೂ, ಆರು ಸೀಸನ್ ನಡೆಯಿತು. ಕರಿಯರ ಕಾಲೇಜೊಂದರ ಬದುಕನ್ನೇ ಅದು ತನ್ನ ವಸ್ತುವಾಗಿಸಿಕೊಂಡಿತು. ಹಳೆಯ ಮನೆಯ ನಗುವನ್ನು ಹೊಸ ಜಾಗದಲ್ಲಿ ಮತ್ತೆ ಹುಟ್ಟಿಸುವ ಪ್ರಯತ್ನವನ್ನು ಬಿಟ್ಟ ಮೇಲೆಯೇ ಅದು ಗಟ್ಟಿಯಾದದ್ದು.

ಬೆಳವಣಿಗೆಯನ್ನೇ ತಪ್ಪಿಸಿಕೊಳ್ಳುವ ಉಪಾಯಗಳೂ ಹಲವಿವೆ. ಮಕ್ಕಳು ದೊಡ್ಡವರಾದೊಡನೆ ಇನ್ನೊಂದು ಪುಟ್ಟ ಮಗುವನ್ನು ಮನೆಗೆ ತರುವುದು ಅವುಗಳಲ್ಲಿ ಅತ್ಯಂತ ಹಳೆಯದು. ‘ದಿ ಬ್ರೇಡಿ ಬಂಚ್’ ತನ್ನ ಕೊನೆಯ ಆರು ಸಂಚಿಕೆಗಳಿಗೆ ಆಲಿವರ್ ಎಂಬ ಚಿಕ್ಕ ನೆಂಟನನ್ನು ತಂದಿತು. ‘ಗ್ರೋಯಿಂಗ್ ಪೇನ್ಸ್’ನಲ್ಲಿ ಹುಟ್ಟಿದ ಹೆಣ್ಣುಮಗು ಎರಡು ಸೀಸನ್‌ಗಳೊಳಗೆ ಆರು ವರ್ಷದವಳಾಗಿಬಿಟ್ಟಳು, ಏಕೆಂದರೆ ಮಾತನಾಡದ ಕೂಸಿನಿಂದ ನಗು ಹೆಚ್ಚು ದಿನ ಬರುವುದಿಲ್ಲ. ‘ದಟ್ ಸೆವೆಂಟೀಸ್ ಷೋ’ ಕಾಲವನ್ನೇ ಹಿಗ್ಗಿಸಿತು: 1976ರ ಮೇ ತಿಂಗಳಿನಿಂದ 1979ರ ಕೊನೆಯ ದಿನದವರೆಗಿನ ಕಥೆಯನ್ನು ಎಂಟು ವರ್ಷಗಳಲ್ಲಿ, 200 ಸಂಚಿಕೆಗಳಲ್ಲಿ ಹೇಳಿತು. ನಮ್ಮ ದೇಶದಲ್ಲಿ 2008ರಿಂದ ಓಡುತ್ತಿರುವ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ದಲ್ಲಿ ಟಪ್ಪುವಿನ ಪಾತ್ರಕ್ಕೆ ಈಗ ಮೂರನೆಯ ನಟ, ಹುಡುಗ ಬೆಳೆದು ಹೋಗುತ್ತಾನೆ, ಸೊಸೈಟಿಯ ಹಿರಿಯರು ಇದ್ದಲ್ಲೇ ಇದ್ದಾರೆ. ನಮ್ಮ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳಂಥ ಜನಪ್ರಿಯ ಹಾಸ್ಯ ಧಾರಾವಾಹಿಗಳು ದೊಡ್ಡವರ ಸುತ್ತಲೇ ಹೆಣೆದವಾದ್ದರಿಂದ ಅವಕ್ಕೆ ಈ ಸಮಸ್ಯೆ ಎದುರಾಗಲಿಲ್ಲ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿಯೂ ಮಾಸ್ಟರ್ ಮಂಜುನಾಥನ ಮುಖದಲ್ಲಿ ಹುಡುಗನಾಗಿಯೇ ಉಳಿದ, ಏಕೆಂದರೆ ಅವನ ಕಥೆ ಕೆಲವೇ ಸಂಚಿಕೆಗಳಲ್ಲಿ, ಗೆಳೆಯ ಊರು ಬಿಡುವಲ್ಲಿಗೆ ಮುಗಿಯಿತು.

ಈ ಎಲ್ಲ ಉಪಾಯಗಳ ನಡುವೆ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಉತ್ತರ ಐರ್ಲೆಂಡಿನ ‘ಡೆರಿ ಗರ್ಲ್ಸ್’. ಲೀಸಾ ಮೆಕ್‌ಗೀ ಬರೆದು, 2018ರಿಂದ 2022ರವರೆಗೆ ಚಾನೆಲ್ 4ರಲ್ಲಿ ಮೂರು ಸೀಸನ್‌ಗಳಾಗಿ ಬಂದ ಸರಣಿ ಅದು. 1990ರ ದಶಕದ ಡೆರಿ ನಗರದಲ್ಲಿ ನಾಲ್ವರು ಹುಡುಗಿಯರು ಮತ್ತು ಒಬ್ಬ ಹುಡುಗ ಕಾನ್ವೆಂಟ್ ಶಾಲೆಗೆ ಹೋಗುತ್ತಾರೆ. ಬೀದಿಯಲ್ಲಿ ಬ್ರಿಟಿಷ್ ಸೈನಿಕರು, ಟಿವಿಯಲ್ಲಿ ಬಾಂಬು ಸ್ಫೋಟದ ಸುದ್ದಿ. ಪಾತ್ರಧಾರಿಗಳು ವಯಸ್ಕರಾದ್ದರಿಂದ ಶರೀರ ಬದಲಾಗುವ ತೊಂದರೆ ಇಲ್ಲ. ಬದಲಾಗುವುದು ಊರಿನ ಇತಿಹಾಸ. ಮೊದಲ ಸೀಸನ್ನಿನ ಕೊನೆಯಲ್ಲಿ ಹುಡುಗಿಯರು ಶಾಲೆಯ ವೇದಿಕೆಯ ಮೇಲೆ ಮೈಮರೆತು ಕುಣಿಯುತ್ತಿರುವಾಗ ಮನೆಯ ಹಿರಿಯರು ಟಿವಿಯ ಮುಂದೆ, ಹಲವರನ್ನು ಬಲಿ ತೆಗೆದುಕೊಂಡ ಸ್ಫೋಟದ ಸುದ್ದಿ ಕೇಳುತ್ತಾ ಮೌನವಾಗಿ ನಿಂತಿರುತ್ತಾರೆ. ಮಕ್ಕಳಿಗೆ ಗೊತ್ತಿಲ್ಲದ್ದೂ ಹಿರಿಯರಿಗೆ ಗೊತ್ತಿರುವುದೂ ಇಷ್ಟು ಹತ್ತಿರದಲ್ಲಿ ನಿಂತ ಇನ್ನೊಂದು ದೃಶ್ಯ ನನಗೆ ನೆನಪಾಗುವುದಿಲ್ಲ. ಕೊನೆಯ ಸಂಚಿಕೆಯಲ್ಲಿ, ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಯನ್ನು ಕೊನೆಗೊಳಿಸಲು 1998ರಲ್ಲಿ ಆದ ಶುಭ ಶುಕ್ರವಾರದ ಶಾಂತಿ ಒಪ್ಪಂದದ ಮೇಲಿನ ಜನಮತಗಣನೆ ಬರುತ್ತದೆ. ಎರಿನ್ ಮತ್ತು ಓರ್ಲಾಗೆ ಹದಿನೆಂಟು ತುಂಬಿದೆ. ಒಪ್ಪಂದವೆಂದರೆ ಬಿಡುಗಡೆಯಾಗುವ ಕೈದಿಗಳಿಗೆ ಕ್ಷಮೆಯೇ ಎಂಬ ಪ್ರಶ್ನೆಯನ್ನು ಗೆಳತಿಯರು ತಮ್ಮತಮ್ಮಲ್ಲೇ ಜಗಳವಾಡಿ ಎದುರಿಸಿ, ಮನೆಯ ಹಿರಿಯರಂತೆಯೇ ಮತಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ಹಿರಿಯರಿಗೂ ಇಲ್ಲಿ ಸಿದ್ಧ ಉತ್ತರವಿಲ್ಲ. ಮೂರೇ ಸೀಸನ್‌ಗಳಲ್ಲಿ, ನಗುವನ್ನು ಬಿಟ್ಟುಕೊಡದೆ, ಸರಣಿ ಆ ಅಂತರವನ್ನು ಪೂರ್ತಿಯಾಗಿ ದಾಟಿದೆ.

‘ಮಾಲ್ಕಮ್ ಇನ್ ದಿ ಮಿಡಲ್’ ಈ ಅಂತರವನ್ನೇ ತಿರುವುಮುರುವು ಮಾಡಿತು. 2000ದಿಂದ 2006ರವರೆಗೆ ಬಂದ ಆ ಸರಣಿಯಲ್ಲಿ ಮಾಲ್ಕಮ್ ಮಹಾ ಬುದ್ಧಿವಂತ, ಕ್ಯಾಮೆರಾದ ಕಡೆ ತಿರುಗಿ ಮನೆಯವರ ದಡ್ಡತನವನ್ನು ನಮಗೆ ವಿವರಿಸುವವನು. ಅವನು ಬೆಳೆದಂತೆ ಆ ಬುದ್ಧಿವಂತಿಕೆ ಮುದ್ದಾಗಿ ಕಾಣದೆ ಗೊಣಗಾಟವಾಯಿತು, ಕಥೆಯ ಭಾರ ನಿಧಾನವಾಗಿ ತಂದೆ ಹ್ಯಾಲ್ ಮತ್ತು ತಾಯಿ ಲೋಯಿಸ್ ಕಡೆಗೆ ಸರಿಯಿತು. ಅದು ಸರಣಿಯ ಸೌಭಾಗ್ಯ. ಕೊನೆಯ ಸಂಚಿಕೆಯಲ್ಲಿ ಬಡತನದಲ್ಲೇ ಇರಿಸಿ ಅವನನ್ನು ರೂಪಿಸಿದ್ದರ ಹಿಂದೆ ತಾಯಿಗೆ ಒಂದು ದೊಡ್ಡ ಉದ್ದೇಶವಿತ್ತೆಂದು ತಿಳಿದಾಗ, ಎಲ್ಲ ಬಲ್ಲೆನೆಂದುಕೊಂಡಿದ್ದ ಹುಡುಗನಿಗೆ ಗೊತ್ತಿರದೆ ಇದ್ದದ್ದೇ ಹೆಚ್ಚು ಎಂಬುದು ಸ್ಪಷ್ಟವಾಗುತ್ತದೆ. ಒಂಬತ್ತು ಸೀಸನ್ ನಡೆದ ‘ದಿ ಮಿಡಲ್’ ಇನ್ನೂ ಸುರಕ್ಷಿತವಾದ ಹಾದಿ ಹಿಡಿಯಿತು. ಆರಂಭದಿಂದಲೂ ತಾಯಿ ಫ್ರ್ಯಾಂಕಿಯೇ ನಿರೂಪಕಿ ಆದ್ದರಿಂದ, ಮಕ್ಕಳು ಒಬ್ಬೊಬ್ಬರಾಗಿ ಮನೆಬಿಡುವುದು ಅವಳ ಕಥೆಯ ಸಹಜ ಮುಂದುವರಿಕೆಯಾಯಿತು.

ಈಚಿನ ಸ್ಟ್ರೀಮಿಂಗ್ ವೇದಿಕೆಗಳಲ್ಲಿ 100 ಸಂಚಿಕೆಗಳ ಆ ಹಳೆಯ ಒತ್ತಡ ಇಲ್ಲ. ಮಿಂಡಿ ಕೇಲಿಂಗ್ ಮತ್ತು ಲ್ಯಾಂಗ್ ಫಿಶರ್ ರೂಪಿಸಿದ, ತಮಿಳು ಮೂಲದ ಕುಟುಂಬವೊಂದರ ಮಗಳಾದ ದೇವಿಯ ಕಥೆಯಿರುವ ‘ನೆವರ್ ಹ್ಯಾವ್ ಐ ಎವರ್’ 2020ರಿಂದ 2023ರ ನಡುವೆ ನಾಲ್ಕು ಸೀಸನ್, 40 ಸಂಚಿಕೆಗಳಲ್ಲಿ ಮುಗಿಯಿತು. ಹೈಸ್ಕೂಲಿನ ಹೊಸ್ತಿಲು ದಾಟಿದಲ್ಲಿಗೆ ನಿಂತಿತು. ತಂದೆಯ ಸಾವಿನ ನಂತರ ಮಗಳೂ ತಾಯಿ ನಳಿನಿಯೂ ಪರಸ್ಪರರನ್ನು ಮತ್ತೆ ಪರಿಚಯ ಮಾಡಿಕೊಳ್ಳುವುದು ಅದರ ನಿಜವಾದ ಕಥೆ. ಪ್ರೇಮಪ್ರಸಂಗಗಳ ಗದ್ದಲದಲ್ಲಿ ಅದು ಎಷ್ಟೋ ಜನರ ಕಣ್ಣಿಗೆ ಬಿದ್ದಿಲ್ಲ. ಬಿಗಿಯಾದ ರಚನೆ ಇಲ್ಲಿ ಸಾಧ್ಯವಾಗಿದೆ ನಿಜ. ಆದರೆ ವರ್ಷಕ್ಕೆ 22 ಸಂಚಿಕೆಗಳಿದ್ದಾಗ, ಏನೂ ದೊಡ್ಡದು ನಡೆಯದ ಸಾಧಾರಣ ವಾರಗಳೂ ಸಿಗುತ್ತಿದ್ದವು, ನೋಡುಗರೂ ಆ ಹುಡುಗರ ಜೊತೆ ಅದೇ ವೇಗದಲ್ಲಿ ಬೆಳೆಯುತ್ತಿದ್ದರು. ಹತ್ತು ಸಂಚಿಕೆಗಳನ್ನು ಒಂದು ಭಾನುವಾರ ನೋಡಿ ಮುಗಿಸುವಾಗ ಅದು ಸಿಗುವುದಿಲ್ಲ. ನಿಮಗೂ ಮಗಳಿಗೂ ಬದಲಾವಣೆ ಇಷ್ಟು ಹಠಾತ್ತಾಗಿ ಕಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು: ಅಂದಿನ ಪ್ರೇಕ್ಷಕರು ಐದು ವರ್ಷದಲ್ಲಿ ನಡೆದ ದೂರವನ್ನು ನೀವು ಕೆಲವು ತಿಂಗಳಲ್ಲಿ ದಾಟಿದ್ದೀರಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ‘ಬಾಯ್ ಮೀಟ್ಸ್ ವರ್ಲ್ಡ್’ ಅನ್ನು ಡಿಸ್ನಿ ಚಾನೆಲ್ ಮಕ್ಕಳಿಗಾಗಿ ಮರುಪ್ರಸಾರ ಮಾಡಿದಾಗ ಮೂರು ಸಂಚಿಕೆಗಳನ್ನು ಕೈಬಿಟ್ಟಿತ್ತು. ಮೂರೂ ಐದನೆಯ ಸೀಸನ್ನಿನವೇ. ಒಂದರಲ್ಲಿ ಹುಡುಗರು ಮದ್ಯ ಕುಡಿಯುತ್ತಾರೆ, ಉಳಿದ ಎರಡರಲ್ಲಿ ಲೈಂಗಿಕತೆಯ ಕುರಿತ ಮಾತಿದೆ. ಹನ್ನೊಂದರ ಮಗಳ ಜೊತೆ ಅವುಗಳನ್ನು ನೋಡುವ ಮೊದಲು ನೀವೊಮ್ಮೆ ನೋಡಿಕೊಳ್ಳಿ. ಮದ್ಯದ ಸಂಚಿಕೆಯನ್ನು ಅವಳಿಗೆ ಹದಿಮೂರಾಗುವವರೆಗೆ ನಿಲ್ಲಿಸಿಟ್ಟರೂ ಕಥೆಗೆ ಲೋಪವಿಲ್ಲ. ನಾಲ್ಕನೆಯ ಸೀಸನ್ನಿನಲ್ಲಿ ತಂದೆಯಿಂದ ಹೊಡೆತ ತಿನ್ನುವ ಹುಡುಗಿಯೊಬ್ಬಳ ಕಥೆ ಬಂದುಹೋಗಿದೆ. ಅದನ್ನು ಅವಳು ಹೇಗೆ ತೆಗೆದುಕೊಂಡಳೆಂಬುದರಿಂದ ಮುಂದಿನದನ್ನು ನೀವೇ ಅಳೆಯಬಹುದು. ಆರನೆಯ ಸೀಸನ್‌ನಲ್ಲಿ ಕಾಲೇಜಿನ ಪ್ರೇಮಕಲಹಗಳು ಅವಳಿಗೆ ಬೇಸರ ತರಬಹುದು; ಹಾಗಾದರೆ ಅಲ್ಲಲ್ಲಿ ಬಿಟ್ಟು, ಕೋರಿಯ ಪುಟ್ಟ ತಮ್ಮ ಅವಧಿಗೆ ಮೊದಲೇ ಹುಟ್ಟಿ ಆಸ್ಪತ್ರೆಯಲ್ಲಿರುವ ಸಂಚಿಕೆಗಳನ್ನೂ, ಶಾನ್‌ನ ತಂದೆಯ ಸಂಚಿಕೆಯನ್ನೂ ನೋಡಿ. ಫ್ರೆಡ್ ಸ್ಯಾವೇಜ್ ಇದೇ ಸೀಸನ್ನಿನಲ್ಲಿ ಟೊಪಾಂಗಾಳೊಂದಿಗೆ ಮಿತಿಮೀರಿ ವರ್ತಿಸುವ ಪ್ರಾಧ್ಯಾಪಕನಾಗಿ ಬರುತ್ತಾನೆ. ಹಿರಿಯರೆಲ್ಲರೂ ಫೀನಿ ಮೇಷ್ಟ್ರಂತಿರುವುದಿಲ್ಲ ಎಂಬುದರ ಬಗ್ಗೆ ಮಗಳೊಂದಿಗೆ ಮಾತನಾಡಲು ಅದು ಒಳ್ಳೆಯ ಸಂದರ್ಭ. ಆರನೆಯ ಸೀಸನ್ನಿನ ಕೊನೆ, ಏಳನೆಯದರ ಆರಂಭದ ಹೊತ್ತಿಗೆ ಟೊಪಾಂಗಾಳ ತಂದೆ ತಾಯಿ ಬೇರೆಯಾಗುತ್ತಾರೆ, ಮದುವೆಯಲ್ಲಿ ಅವಳಿಗಿದ್ದ ನಂಬಿಕೆ ಅಲುಗುತ್ತದೆ. ಅಷ್ಟು ದಿನ ಮೂಲೆಯಲ್ಲಿದ್ದ ಹಿರಿಯರು ಕಥೆಯ ಕೇಂದ್ರಕ್ಕೆ ಮರಳುವ ಆ ಸಂಚಿಕೆಗಳನ್ನು ಮಾತ್ರ ಬಿಡಬೇಡಿ. ಅವು ಮುಗಿದ ಮೇಲೆ ನೇರವಾಗಿ ಕೊನೆಯ ಸಂಚಿಕೆಗೆ ಹೋದರೂ ನಡೆಯುತ್ತದೆ.